ಬೆಂಗಳೂರಿನ ಬೀದಿಯ ಹಿರಿಯರು

ಬೆಂಗಳೂರಿನ ಲಾಲ್‌ಬಾಗನ್ನು ನೋಡಲು ಬರುವ ಪರಸ್ಥಳದವರು ಮೊದಲು ಗಾಜಿನ ಮನೆಯತ್ತ ನಡೆಯುವುದು ವಾಡಿಕೆ. ೧೮೮೯ರಲ್ಲಿ ಅಸ್ತಿಭಾರ ಕಂಡ ಆ ಕಟ್ಟಡವನ್ನು ನೋಡಿ, ಹೂವಿನ ಗಡಿಯಾರದ ಮುಂದೆ ನಿಂತು, ಕೆಂಪೇಗೌಡನ ಗೋಪುರವಿರುವ ಬಂಡೆಯನ್ನೇರಿ ನಾಲ್ಕು ದಿಕ್ಕುಗಳತ್ತ ಕಣ್ಣು ಹಾಯಿಸಿ, ಕಡಲೆಕಾಯಿ ತಿನ್ನುತ್ತ ಒಂದು ಸುತ್ತು ತಿರುಗಿದರೆ ಅವರ ಲಾಲ್‌ಬಾಗು ಮುಗಿಯಿತು. ಊರಿನವರ ದಾರಿ ಬೇರೆ. ಬೆಳಗಿನ ಐದೂವರೆಗೆ ಕಂಠಕ್ಕೆ ಮಫ್ಲರು ಸುತ್ತಿಕೊಂಡು ಬರುವ ವೃದ್ಧರು ಗಾಜಿನ ಮನೆಯನ್ನು ಕಣ್ಣೆತ್ತಿಯೂ ನೋಡದೆ ಕೆರೆಯ ಕಡೆಗೆ ಇಳಿಯುತ್ತಾರೆ. ಅಲ್ಲಿ, ಬೇಲಿಯ ಒಳಗೆ, ಬೂದುಬಣ್ಣದ ಮಹಾಕಾಯವೊಂದು ನಿಂತಿದೆ. ಅದು ಬಿಳಿ ಬೂರುಗದ ಮರ. ಕೆಲವರು ಅದಕ್ಕೆ ಕೈ ಮುಗಿದು ಮುಂದೆ ಸಾಗುವುದೂ ಉಂಟು.

ಮರದ ಬುಡದಲ್ಲಿ ಕಾಂಡವು ನೇರವಾಗಿ ನೆಲಕ್ಕೆ ಇಳಿಯುವುದಿಲ್ಲ. ಆಳೆತ್ತರಕ್ಕಿಂತಲೂ ಮೇಲಿನಿಂದಲೇ ಅದು ಗೋಡೆಗಳಂತೆ ಕವಲೊಡೆದು, ಸುತ್ತಲೂ ಆನಿಕೆ ಬೇರುಗಳಾಗಿ ಹರಡಿಕೊಂಡು ಮಣ್ಣನ್ನು ಅಪ್ಪಿದೆ. ಎರಡು ಆನಿಕೆಗಳ ನಡುವಣ ಸಂದಿನಲ್ಲಿ ಮನುಷ್ಯನೊಬ್ಬ ನಿಂತರೆ ಹೊರಗಿನವರಿಗೆ ಕಾಣಿಸಲಾರ. ವಯಸ್ಸು ಇನ್ನೂರರ ಆಸುಪಾಸು ಎಂದು ಹೇಳುವುದು ರೂಢಿ. ಅಮೆರಿಕ ಖಂಡದ ಉಷ್ಣವಲಯದಿಂದ ಬಂದ ಈ ಜಾತಿಯ ಮರ, ಮುನ್ನೂರು ಕೋಟಿ ವರ್ಷದ ಬಂಡೆಯಿರುವ ತೋಟದಲ್ಲಿ ನಿನ್ನೆ ಬಂದ ಅತಿಥಿಯೇ ಸರಿ. ಆದರೂ ಅದರ ಮುಂದೆ ನಿಂತವರಿಗೆ ವಯಸ್ಸೆಂಬುದು ಕಣ್ಣಿಗೆ ಕಾಣುವ ವಸ್ತುವಾಗಿ ತೋರುತ್ತದೆ.

ಪ್ರತಿ ವರ್ಷ ಭರಣಿ, ಕೃತ್ತಿಕೆಯ ಮಳೆ ಬಂದಾಗ ನಗರದ ಬೀದಿಗಳಲ್ಲಿ ಈ ಮರದ ಮೊಮ್ಮಕ್ಕಳ ವಯಸ್ಸಿನವು ಉರುಳಿ ಬೀಳುತ್ತವೆ. ಕಾರುಗಳು ಜಜ್ಜಿಹೋಗುತ್ತವೆ, ತಂತಿ ಹರಿಯುತ್ತದೆ, ಒಮ್ಮೊಮ್ಮೆ ಜೀವವೂ ಹೋಗುತ್ತದೆ. ಮರುದಿನ ಎಲ್ಲರ ಬಾಯಲ್ಲೂ ಒಂದೇ ಮಾತು: ‘ಮರ ಹಳೆಯದಾಗಿತ್ತು.’ ಹಳೆಯದಾದದ್ದೇ ಬೀಳುವುದಕ್ಕೆ ಕಾರಣವೆಂದಾದರೆ ಲಾಲ್‌ಬಾಗಿನ ಬೂರುಗ ಇನ್ನೂ ನಿಂತಿರುವುದು ಹೇಗೆ? ಈ ಪ್ರಶ್ನೆಯನ್ನು ತಲೆಯಲ್ಲಿಟ್ಟುಕೊಂಡು ಬೆಂಗಳೂರಿನ ಬೀದಿಗಳನ್ನು ಸುತ್ತಿದರೆ, ನಗರದ ಹಳೆಯ ಮರಗಳು ತಮ್ಮ ಕಥೆಯನ್ನು ತಾವೇ ಹೇಳುತ್ತವೆ.

ಈ ಮರಗಳು ಬಂದ ಬಗೆಯನ್ನು ಮೊದಲು ನೋಡಬೇಕು. ೧೭೬೦ರಲ್ಲಿ ಹೈದರಾಲಿ ಪ್ರಾರಂಭಿಸಿದ ಲಾಲ್‌ಬಾಗು ಟಿಪ್ಪುವಿನ ಕಾಲದಲ್ಲಿ ಬೆಳೆದು, ಅನಂತರ ಹಲವು ಕೈಗಳನ್ನು ದಾಟಿತು. ೧೮೭೪ರಿಂದ ೧೯೦೮ರವರೆಗೆ ಅದರ ಆಡಳಿತವನ್ನು ನಡೆಸಿದ ಜಾನ್ ಕ್ಯಾಮರಾನ್ ಹೊರನಾಡುಗಳಿಂದ ಅಸಂಖ್ಯ ಗಿಡಗಳನ್ನು ತರಿಸಿದರು. ಅವರ ತರುವಾಯ ಬಂದವರು ಜರ್ಮನಿಯ ಗುಸ್ತಾವ್ ಹರ್ಮನ್ ಕ್ರುಂಬೀಗಲ್. ೧೮೬೫ರಲ್ಲಿ ಡ್ರೆಸ್ಡೆನ್ ನಗರದ ಸಮೀಪದಲ್ಲಿ ಹುಟ್ಟಿ, ಲಂಡನ್ನಿನ ಕ್ಯೂ ತೋಟದಲ್ಲಿ ದುಡಿದು, ಬರೋಡೆಯ ಮಹಾರಾಜರ ಉದ್ಯಾನಗಳನ್ನು ನೋಡಿಕೊಂಡಿದ್ದು, ೧೯೦೮ರಲ್ಲಿ ಬೆಂಗಳೂರಿಗೆ ಬಂದ ಈ ಮಹನೀಯರು ಮತ್ತೆ ಈ ಊರನ್ನು ಬಿಡಲಿಲ್ಲ. ೧೯೫೬ರಲ್ಲಿ ಇಲ್ಲಿಯೇ ಕಣ್ಣು ಮುಚ್ಚಿದರು. ಬೀದಿಯಲ್ಲಿ ಒಂದು ಜಾತಿಯ ಹೂವು ಉದುರುವ ಹೊತ್ತಿಗೆ ಇನ್ನೊಂದು ಜಾತಿ ಅರಳಬೇಕು, ವರ್ಷದ ಯಾವ ತಿಂಗಳಲ್ಲೂ ಊರು ಹೂವಿಲ್ಲದೆ ಇರಬಾರದು ಎಂಬುದು ಅವರ ಹಂಬಲವಾಗಿದ್ದಿತು. ಇಂದಿಗೂ ಬೇಸಗೆಯ ಹೊಸ್ತಿಲಲ್ಲಿ ನೇರಳೆ ಬಣ್ಣದ ಜಕರಂಡ, ಗುಲಾಬಿ ಮತ್ತು ಹಳದಿಯ ಟಬೂಬಿಯ, ಏಪ್ರಿಲ್ ಮೇ ತಿಂಗಳಲ್ಲಿ ಕೆಂಡದಂಥ ಗುಲ್‌ಮೊಹರ್ ಸಾಲುಗಟ್ಟಿ ಬರುವಾಗ ಆ ಹಂಬಲದ ನೆನಪಾಗದೆ ಇರದು.

ಹೂವಿಗೆಂದು ಬಂದ ಮರಗಳ ಜೊತೆಗೆ ನೆರಳಿಗೆಂದು ಬಂದದ್ದು ಮಳೆಮರ. ಮಧ್ಯ ಅಮೆರಿಕ ಮತ್ತು ದಕ್ಷಿಣ ಅಮೆರಿಕದ ಈ ಮರ ಹತ್ತೊಂಬತ್ತನೆಯ ಶತಮಾನದಲ್ಲಿ ನಮ್ಮ ದೇಶಕ್ಕೆ ಬಂದು, ಬೆಂಗಳೂರನ್ನು ತವರಿನಂತೆ ಒಪ್ಪಿಕೊಂಡಿತು. ಕೊಡೆ ಬಿಚ್ಚಿದಂತೆ ಅದರ ಹರವು. ಜಾಗ ಸಿಕ್ಕಿದರೆ ಒಂದು ತುದಿಯಿಂದ ಇನ್ನೊಂದು ತುದಿಗೆ ೩೦ ಮೀಟರು ಆಗುವುದುಂಟು. ಸಂಜೆಯಾದೊಡನೆ ಎಲೆಗಳನ್ನು ಮಡಿಚಿಕೊಳ್ಳುತ್ತದೆ. ಮೋಡ ದಟ್ಟವಾಗಿ ಕವಿದಾಗಲೂ ಹಾಗೆಯೇ. ಮಳೆಯ ಹನಿ ನೇರವಾಗಿ ನೆಲಕ್ಕಿಳಿಯಲು ದಾರಿ ಬಿಡುವ ಈ ಸೌಜನ್ಯದಿಂದಲೇ ಅದಕ್ಕೆ ಆ ಹೆಸರು ಬಂದಿತೆಂದು ಹೇಳುವವರಿದ್ದಾರೆ. ಜಯಮಹಲ್ ರಸ್ತೆಯಲ್ಲಿ, ೧೮೭೦ರಲ್ಲಿ ರೂಪುಗೊಂಡ ಕಬ್ಬನ್ ಪಾರ್ಕಿನಲ್ಲಿ, ದಂಡಿನ ಪ್ರದೇಶದ ಹಳೆಯ ಬಂಗಲೆಗಳ ಕಾಂಪೌಂಡುಗಳಲ್ಲಿ ಈ ಕೊಡೆಗಳ ಕೆಳಗೆ ಕಾಲಿಟ್ಟವನಿಗೆ ಬೆವರು ತಾನಾಗಿ ಆರುತ್ತದೆ. ಇದು ಬರಿಯ ಭಾವನೆಯಲ್ಲ. ೨೦೧೩ರಲ್ಲಿ ಪ್ರಕಟವಾದ ಬೆಂಗಳೂರಿನ ಸಂಶೋಧಕರ ಅಧ್ಯಯನವೊಂದು, ಮರಗಳಿರುವ ಬೀದಿಯ ಗಾಳಿ ಮರಗಳಿಲ್ಲದ ಬೀದಿಗಿಂತ ೫.೬ ಡಿಗ್ರಿ ಸೆಲ್ಸಿಯಸ್‌ವರೆಗೆ ತಂಪಾಗಿರುವುದನ್ನೂ, ಡಾಂಬರಿನ ಮೈ ೨೭.೫ ಡಿಗ್ರಿಯವರೆಗೆ ತಂಪಾಗಿರುವುದನ್ನೂ ಅಳೆದು ತೋರಿಸಿದೆ.

ಪರದೇಶದ ಮರಗಳನ್ನೇ ಹೊಗಳುತ್ತ ನಮ್ಮವನ್ನು ಮರೆಯಬಾರದು. ೧೮೯೮ರ ಪ್ಲೇಗಿನ ಹಾವಳಿಯಲ್ಲಿ ಪೇಟೆಯ ಇಕ್ಕಟ್ಟಿನಿಂದ ಜನರನ್ನು ಹೊರಗೆ ಕರೆದೊಯ್ಯಲು ಕಟ್ಟಿದ ಮಲ್ಲೇಶ್ವರದಲ್ಲಿ ಒಂದು ಬೀದಿಗೆ ಸಂಪಿಗೆಯ ಹೆಸರು, ಇನ್ನೊಂದಕ್ಕೆ ಬೇವಿನ ಹೆಸರು. ಮಾರ್ಗೋಸ ರಸ್ತೆ ಎಂಬುದನ್ನು ನಿತ್ಯವೂ ಉಚ್ಚರಿಸುವ ಎಷ್ಟೋ ಜನರಿಗೆ ಮಾರ್ಗೋಸವೆಂದರೆ ತಮ್ಮ ಬೇವೇ ಎಂದು ತಿಳಿದಿರುವುದಿಲ್ಲ! ಬಸವನಗುಡಿಯ ಹೊಂಗೆಯ ನೆರಳು, ಹಳೆಯ ಹಳ್ಳಿಗಳ ಹುಣಸೆ, ಬೀದಿ ಕೂಡುವೆಡೆಯ ಅರಳಿಕಟ್ಟೆ, ಇವು ನಗರಕ್ಕಿಂತ ಹಿರಿಯವು. ಊರು ಬೆಳೆಬೆಳೆದಂತೆ ಹಳ್ಳಿಗಳನ್ನು ನುಂಗಿತು. ಹಳ್ಳಿಯ ಮನೆಗಳು ಹೋದವು, ಗೋಮಾಳ ಹೋಯಿತು, ಕಟ್ಟೆಯ ಮೇಲಿನ ನಾಗರಕಲ್ಲಿನ ದೆಸೆಯಿಂದ ಅರಳಿಮರ ಮಾತ್ರ ಉಳಿದುಕೊಂಡಿತು.

ಆ ಮರಗಳನ್ನು ನೆಟ್ಟಾಗ ರಸ್ತೆಯ ಎರಡು ಬದಿಗಳಲ್ಲೂ ಮಣ್ಣು ಇದ್ದಿತು. ಮಳೆಯ ನೀರು ಆ ಮಣ್ಣಿನಲ್ಲಿ ಇಂಗುತ್ತಿತ್ತು. ಉದುರಿದ ಎಲೆ ಅಲ್ಲಿಯೇ ಕೊಳೆತು ಗೊಬ್ಬರವಾಗುತ್ತಿತ್ತು. ಗಿಡದ ಬೇರು ರಸ್ತೆಯ ಅಡಿಗೂ ಪಕ್ಕದ ಕಾಂಪೌಂಡಿನೊಳಕ್ಕೂ ನಿರಾತಂಕವಾಗಿ ಹೋಗಬಹುದಾಗಿತ್ತು. ಇಂದು ಅದೇ ಮರದ ಪಕ್ಕದಲ್ಲಿ ನಿಂತು ನೋಡಿದರೆ ಕಾಂಡದ ತೊಗಟೆಗೆ ತಾಗುವಂತೆ ಸಿಮೆಂಟು ಚಪ್ಪಡಿ. ಒಂದು ಕಡೆ ಕಾಂಕ್ರೀಟಿನ ಚರಂಡಿ, ಇನ್ನೊಂದು ಕಡೆ ಬಿಳಿಬಣ್ಣದ ಗಟ್ಟಿ ರಸ್ತೆ. ಅಡಿಯಲ್ಲಿ ಕುಡಿಯುವ ನೀರಿನ ಕೊಳವೆ, ಒಳಚರಂಡಿಯ ಕೊಳವೆ, ವಿದ್ಯುತ್ತಿನ ಕೇಬಲು, ದೂರವಾಣಿಯ ಕೇಬಲು, ಅನಿಲದ ಕೊಳವೆ. ಇವು ಒಂದೇ ದಿನ ಬಂದವಲ್ಲ. ಒಂದೊಂದು ಇಲಾಖೆ ಒಂದೊಂದು ವರ್ಷ ಬಂದು ಅಗೆದುಹೋಯಿತು. ಒಂದೊಂದು ಸಲವೂ ಮರದ ಒಂದೊಂದು ಕಾಲು ಹೋಯಿತು.

ಮರದ ಬೇರು ಪಾತಾಳಕ್ಕಿಳಿದಿರುತ್ತದೆ ಎಂಬ ನಂಬಿಕೆ ಸಾಮಾನ್ಯವಾದದ್ದು. ಸಾಮಾನ್ಯವಾಗಿ ತಪ್ಪೂ ಹೌದು. ಬೇರುಗಳಿಗೆ ನೀರು ಬೇಕಾದಷ್ಟೇ ಗಾಳಿಯೂ ಬೇಕು. ಗಾಳಿಯಾಡುವುದು ಮೇಲುಮಣ್ಣಿನಲ್ಲಿ. ಆದುದರಿಂದ ದೊಡ್ಡ ಮರದ ಬೇರುಗಳಲ್ಲಿ ಬಹುಪಾಲು ನೆಲದ ಮೇಲಿನ ಎರಡು ಮೂರು ಅಡಿಗಳಲ್ಲಿಯೇ ಇರುತ್ತವೆ. ಆಳಕ್ಕೆ ಹೋಗುವ ಬದಲು ಅವು ಅಗಲಕ್ಕೆ ಹೋಗುತ್ತವೆ, ಕೊಂಬೆಗಳ ಹರವನ್ನೂ ದಾಟಿ ಹೋಗುತ್ತವೆ. ದಪ್ಪ ಬೇರುಗಳು ಬುಡದ ಸುತ್ತ ಮಣ್ಣನ್ನು ಹಿಡಿದು ಒಂದು ಅಗಲವಾದ ತಟ್ಟೆಯಂತಾಗಿ ಮರವನ್ನು ನಿಲ್ಲಿಸುತ್ತವೆ. ಅವುಗಳ ತುದಿಯ ಕೂದಲಿನಂಥ ಬೇರುಗಳು ಅನ್ನ ನೀರನ್ನು ತರುತ್ತವೆ. ಕಟ್ಟಡ ಕಟ್ಟುವಾಗ ಮರದ ಸುತ್ತ ಎಷ್ಟು ನೆಲವನ್ನು ಮುಟ್ಟದೆ ಬಿಡಬೇಕು ಎಂಬುದಕ್ಕೆ ಬ್ರಿಟನ್ನಿನವರು ಒಂದು ಲೆಕ್ಕ ಇಟ್ಟುಕೊಂಡಿದ್ದಾರೆ: ಕಾಂಡದ ವ್ಯಾಸದ ೧೨ರಷ್ಟು ದೂರ. ಕಾಂಡ ಒಂದು ಮೀಟರು ದಪ್ಪವಾಗಿದ್ದರೆ ಸುತ್ತಲೂ ೧೨ ಮೀಟರು. ಬೆಂಗಳೂರಿನ ಬಹುತೇಕ ಬೀದಿಗಳಲ್ಲಿ ಅಷ್ಟು ದೂರ ನಡೆದರೆ ಎದುರುಮನೆಯ ಜಗಲಿಯನ್ನು ಹತ್ತಬೇಕಾಗುತ್ತದೆ.

ಈಗ ಚರಂಡಿ ತೋಡುವ ಯಂತ್ರವನ್ನು ಕಲ್ಪಿಸಿಕೊಳ್ಳಬಹುದು. ಕಾಂಡದಿಂದ ಎರಡಡಿ ದೂರದಲ್ಲಿ ಅದರ ಉಕ್ಕಿನ ಹಲ್ಲುಗಳು ಸಾಗುತ್ತವೆ. ತೊಡೆಯಷ್ಟು ದಪ್ಪದ ಬೇರುಗಳು ಅಡ್ಡ ಬರುತ್ತವೆ, ಸೀಳಿಹೋಗುತ್ತವೆ. ಸಂಜೆಯೊಳಗೆ ಗುಂಡಿಗೆ ಕಾಂಕ್ರೀಟು ಬೀಳುತ್ತದೆ. ಮರುದಿನ ಬೆಳಿಗ್ಗೆ ಮರ ನಿನ್ನೆಯಂತೆಯೇ ಹಸುರಾಗಿ ನಿಂತಿರುತ್ತದೆ. ಯಾರಿಗೂ ಏನೂ ಆಗಿಲ್ಲವೆಂದು ತೋರುತ್ತದೆ. ಮರಕ್ಕೆ ಗಾಯವಾದರೆ ಅದು ಕೂಗುವುದಿಲ್ಲ, ಕುಂಟುವುದಿಲ್ಲ. ಸೀಳಿದ ಬೇರಿನ ತುದಿಯಿಂದ ಶಿಲೀಂಧ್ರ ಒಳಹೊಕ್ಕು, ಮೆಲ್ಲಮೆಲ್ಲಗೆ ಬುಡದ ಕಡೆಗೆ ಬರುತ್ತದೆ. ಎರಡು ವರ್ಷವೋ ಐದು ವರ್ಷವೋ ಹತ್ತು ವರ್ಷವೋ ಕಳೆದ ಮೇಲೆ ಒಂದು ಸಂಜೆ, ಮಣ್ಣು ನೆನೆದು ಮೆತ್ತಗಾಗಿರುವಾಗ, ಗಾಳಿಯು ಚರಂಡಿಯಿದ್ದ ದಿಕ್ಕಿನಿಂದ ಬೀಸುತ್ತದೆ. ಆ ದಿಕ್ಕಿನಲ್ಲಿ ಮರವನ್ನು ಎಳೆದು ಹಿಡಿಯಬೇಕಾದ ಹಗ್ಗಗಳೇ ಇಲ್ಲ. ಬಿದ್ದ ಮರವನ್ನು ನೋಡಲು ನೆರೆದ ಜನ ಮೇಲೆದ್ದ ಬುಡವನ್ನು ಕಂಡು, ‘ಇಷ್ಟು ದೊಡ್ಡ ಮರಕ್ಕೆ ಬೇರೇ ಇರಲಿಲ್ಲವಲ್ಲ!’ ಎಂದು ಆಶ್ಚರ್ಯಪಡುತ್ತಾರೆ. ಬೇರು ಇದ್ದಿತು. ಗುತ್ತಿಗೆದಾರನ ಲಾರಿಯಲ್ಲಿ ಹೋಯಿತು.

೨೦೨೪ರ ಜೂನ್ ೨ರಂದು ಬೆಂಗಳೂರಿನಲ್ಲಿ ೧೧೧.೧ ಮಿಲಿಮೀಟರು ಮಳೆ ಸುರಿಯಿತು. ಜೂನ್ ತಿಂಗಳ ಒಂದು ದಿನಕ್ಕೆ ಅಷ್ಟು ಮಳೆ ೧೮೯೧ರ ದಾಖಲೆಯನ್ನೂ ಮೀರಿದ್ದು. ಅಂದು ನಗರದ ಉದ್ದಗಲಕ್ಕೂ ನೂರಾರು ಮರಗಳೂ ಕೊಂಬೆಗಳೂ ಉರುಳಿದವು. ಅಂಥ ಮಳೆಗೆ ಆರೋಗ್ಯವಂತ ಮರವೂ ಒಮ್ಮೊಮ್ಮೆ ಸೋಲುತ್ತದೆ; ಅದನ್ನು ಅಲ್ಲಗಳೆಯುವುದು ನ್ಯಾಯವಲ್ಲ. ಆದರೆ ಬಿದ್ದವುಗಳಲ್ಲಿ ಮುದಿಯೆನ್ನಲಾಗದ ಗುಲ್‌ಮೊಹರ್, ಆಕಾಶಮಲ್ಲಿಗೆ, ಹಳದಿ ಗುಲ್‌ಮೊಹರ್ ಮರಗಳೂ ಪ್ರತಿಸಲ ಇರುತ್ತವೆ. ಮಡಗಾಸ್ಕರಿನ ಗುಲ್‌ಮೊಹರ್ ಸುಂದರಿ. ಆದರೆ ಅದರ ಬೇರು ಮೇಲುಮೇಲಿನದು, ಕೊಂಬೆ ಸುಲಭವಾಗಿ ಮುರಿಯುವಂಥದು. ತೋಟದ ನಡುವೆ ನಿಂತರೆ ಅದು ಭೂಷಣ. ಬಸ್ಸು ನಿಲ್ದಾಣದ ನೆತ್ತಿಯ ಮೇಲೆ ಅದನ್ನು ನೆಟ್ಟವರನ್ನು ಜಾಣರೆನ್ನಲಾಗದು. ನೂರು ವರ್ಷದ ಹುಣಸೆಯನ್ನೂ ನಲವತ್ತು ವರ್ಷದ ಗುಲ್‌ಮೊಹರನ್ನೂ ‘ಹಳೆಯ ಮರ’ ಎಂದು ಒಂದೇ ತಕ್ಕಡಿಗೆ ಹಾಕುವ ರೂಢಿಯಿಂದಲೇ ಎಷ್ಟೋ ಅನಾಹುತಗಳು ಹುಟ್ಟುತ್ತವೆ.

ಮರವನ್ನು ಓದಲು ಬಲ್ಲವರು ಬೀದಿಯಲ್ಲಿ ನಡೆಯುವ ರೀತಿಯೇ ಬೇರೆ. ಅವರು ಮೊದಲು ಮೇಲೆ ನೋಡುವುದಿಲ್ಲ, ಕೆಳಗೆ ನೋಡುತ್ತಾರೆ. ಬುಡದಲ್ಲಿ ಹಲಗೆಯಂಥ ಗಟ್ಟಿ ಅಣಬೆ ಮೂಡಿದೆಯೇ? ಮೂಡಿದ್ದರೆ ಒಳಗೆ ಬೇರು ಕೊಳೆಯುತ್ತಿದೆಯೆಂದು ಅರ್ಥ. ಮರ ವಾಲಿದೆಯೇ? ವಾಲಿದ್ದರೆ ಎಂದಿನಿಂದ? ಬೆಳಕನ್ನು ಅರಸುತ್ತ ಎಳವೆಯಿಂದಲೇ ವಾಲಿ ಬೆಳೆದ ಮರ ಆ ಭಾರಕ್ಕೆ ತಕ್ಕಂತೆ ತನ್ನ ಮೈಯನ್ನು ಗಟ್ಟಿಮಾಡಿಕೊಂಡಿರುತ್ತದೆ, ಅದಕ್ಕೆ ಹೆದರಬೇಕಾಗಿಲ್ಲ. ನಿನ್ನೆ ನೆಟ್ಟಗಿದ್ದು ಇಂದು ವಾಲಿದ ಮರ, ಎದುರು ಬದಿಯಲ್ಲಿ ನೆಲ ಉಬ್ಬಿ ಬಿರುಕು ಬಿಟ್ಟ ಮರ, ಇವು ಅಪಾಯಕಾರಿ. ಅದರ ಕೆಳಗಿಂದ ಕೂಡಲೆ ಸರಿಯಬೇಕು. ಅನಂತರ ಕವಲು. ಎರಡು ಕೊಂಬೆಗಳು ಇಕ್ಕುಳದಂತೆ ಒತ್ತಿ ಬೆಳೆದು ನಡುವೆ ತೊಗಟೆ ಸಿಕ್ಕಿಕೊಂಡಿದ್ದರೆ ಆ ಜೋಡಣೆ ದುರ್ಬಲ. ಕೊನೆಗೆ ತಲೆ. ಎಲೆ ಉದುರಿಸುವ ಕಾಲವಲ್ಲದೆ ತುದಿಕೊಂಬೆಗಳು ಬರಿದಾಗಿದ್ದರೆ ಕಾಲಿನಲ್ಲಿ ಏನೋ ಕೆಟ್ಟಿದೆ. ಅಲ್ಲಲ್ಲಿ ಬೇರೆ ಹಸುರಿನ ಗೊಂಚಲು ಕಂಡರೆ ಅದು ಬಂದಳಿಕೆ. ಮರದ ರಸವನ್ನು ಹೀರಿ ಬದುಕುವ ಬಾಡಿಗೆ ಕೊಡದ ನಂಟ. ಕಾಂಡದ ಮೇಲೆ ಗೆದ್ದಲಿನ ಮಣ್ಣು ಕಂಡೊಡನೆ ಜನ ಗಾಬರಿಯಾಗುತ್ತಾರೆ. ಅನೇಕ ಸಲ ಆ ಗೆದ್ದಲು ತಿನ್ನುತ್ತಿರುವುದು ಸತ್ತ ತೊಗಟೆಯನ್ನು ಮಾತ್ರ.

ಪೊಳ್ಳಾದ ಮರದ ವಿಚಾರವನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಕಾಂಡದಲ್ಲಿ ಪೊಟರೆ ಕಂಡರೆ ಸಾಕು, ಅದಕ್ಕೆ ಮರಣದಂಡನೆ ವಿಧಿಸುವವರಿದ್ದಾರೆ. ಮರದ ನಡುಭಾಗ ಬಹುಮಟ್ಟಿಗೆ ಸತ್ತ ಕಟ್ಟಿಗೆಯೇ. ಜೀವವಿರುವುದು ತೊಗಟೆಯ ಒಳಮಗ್ಗುಲಿನ ತೆಳುವಾದ ಪದರದಲ್ಲಿ ಮತ್ತು ಅದರ ಆಚೀಚೆ. ಕಬ್ಬಿಣದ ಕೊಳವೆ ಒಳಗೆ ಪೊಳ್ಳಾಗಿದ್ದರೂ ಗಟ್ಟಿಯಾಗಿರುವಂತೆ, ಸುತ್ತಲ ಗೋಡೆ ಸಾಕಷ್ಟು ದಪ್ಪವಾಗಿದ್ದರೆ ಪೊಳ್ಳು ಮರವೂ ಬಿರುಗಾಳಿಗೆ ನಿಲ್ಲುತ್ತದೆ. ಗಟ್ಟಿಗೋಡೆಯ ದಪ್ಪ ಕಾಂಡದ ತ್ರಿಜ್ಯದ ಮೂರರಲ್ಲಿ ಒಂದು ಪಾಲಿನಷ್ಟಾದರೂ ಇರಬೇಕೆಂಬುದು ತಜ್ಞರು ಬಳಸುವ ಒಂದು ಸ್ಥೂಲವಾದ ಲೆಕ್ಕ. ಅದನ್ನು ಅಳೆಯಲು ಇಂದು ಉಪಕರಣಗಳುಂಟು: ಕಾಂಡದ ಸುತ್ತ ಮೊಳೆಯಂಥ ಗ್ರಾಹಕಗಳನ್ನು ಜೋಡಿಸಿ, ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ, ಶಬ್ದವು ಒಂದು ಬದಿಯಿಂದ ಇನ್ನೊಂದಕ್ಕೆ ಹೋಗಲು ತೆಗೆದುಕೊಳ್ಳುವ ಕಾಲದಿಂದ ಒಳಗಿನ ಚಿತ್ರವನ್ನು ಬರೆಯುವ ಯಂತ್ರ ಒಂದು, ಕೂದಲೆಳೆಯಂಥ ಸೂಜಿಯನ್ನು ಕೊರೆದು ಒಳಗಿನ ಪ್ರತಿರೋಧವನ್ನು ಗುರುತಿಸುವ ಯಂತ್ರ ಇನ್ನೊಂದು. ವೈದ್ಯನ ಬೆರಳು ರೋಗಿಯ ಎದೆಯನ್ನು ತಟ್ಟುವ ಹಾಗೆ ಮರದ ಸುತ್ತಿಗೆಯಿಂದ ಕಾಂಡವನ್ನು ತಟ್ಟಿ ಕಿವಿಗೊಡುವುದು ಇವೆರಡಕ್ಕೂ ಹಿರಿಯದಾದ ವಿದ್ಯೆ.

ಹಿಂದಿನ ಕಾಲದಲ್ಲಿ ಪೊಟರೆಗೆ ಸಿಮೆಂಟು ತುಂಬಿ, ಕೊಂಬೆ ಕಡಿದ ಗಾಯಕ್ಕೆ ಟಾರು ಬಳಿಯುವುದು ಉತ್ತಮ ಚಿಕಿತ್ಸೆಯೆನಿಸಿತ್ತು. ಮರ ಗಾಳಿಗೆ ಬಾಗುತ್ತದೆ, ಸಿಮೆಂಟು ಬಾಗುವುದಿಲ್ಲ. ಎರಡರ ಸಂದಿನಲ್ಲಿ ನೀರು ನಿಂತು ಕೊಳೆತ ಇನ್ನಷ್ಟು ಹೆಚ್ಚುತ್ತದೆ. ಈ ವಿಷಯದಲ್ಲಿ ಜಗತ್ತಿನ ಕಣ್ಣು ತೆರೆಸಿದವರು ಅಮೆರಿಕದ ಅರಣ್ಯ ಇಲಾಖೆಯ ಅಲೆಕ್ಸ್ ಶೈಗೋ. ಸಾವಿರಾರು ಮರಗಳನ್ನು ಯಂತ್ರಗರಗಸದಿಂದ ಉದ್ದುದ್ದಕ್ಕೆ ಸೀಳಿ ಪರೀಕ್ಷಿಸಿದ ಅವರು, ೧೯೭೭ರಲ್ಲಿ ತಮ್ಮ ಸಿದ್ಧಾಂತವನ್ನು ಸಚಿತ್ರವಾಗಿ ಪ್ರಕಟಿಸಿದರು. ಮನುಷ್ಯನ ಗಾಯದಂತೆ ಮರದ ಗಾಯ ಮಾಯುವುದಿಲ್ಲ. ಮರವು ಕೆಟ್ಟ ಭಾಗದ ಸುತ್ತ ಗೋಡೆಗಳನ್ನು ಕಟ್ಟಿ ಅದನ್ನು ಅಲ್ಲಿಗೇ ಮುಚ್ಚಿಬಿಟ್ಟು, ಹೊರಗೆ ಹೊಸ ಮರವನ್ನು ಬೆಳೆಸಿಕೊಳ್ಳುತ್ತದೆ ಎಂಬುದು ಅದರ ತಿರುಳು. ಪೊಟರೆಯನ್ನು ಕೆರೆದು ಸ್ವಚ್ಛ ಮಾಡುವವನು ಮರ ಕಟ್ಟಿಕೊಂಡ ಆ ಗೋಡೆಯನ್ನೇ ಒಡೆದುಹಾಕುತ್ತಾನೆ. ಗಿಳಿಗೂ ಗೂಬೆಗೂ ಅಳಿಲಿಗೂ ಆ ಪೊಟರೆ ಮನೆ ಎಂಬುದು ಬೇರೆ ವಿಷಯ.

ಬೆಂಗಳೂರಿನಲ್ಲಿ ಮರದ ರೋಗಕ್ಕಿಂತ ಮರದ ಕ್ಷೌರ ಹೆಚ್ಚು ಭಯಂಕರ. ವಿದ್ಯುತ್ ತಂತಿಗೆ ತಗಲುವ ಕೊಂಬೆಗಳನ್ನು ಮಳೆಗಾಲಕ್ಕೆ ಮುಂಚೆ ಕಡಿಯುತ್ತಾರೆ. ತಂತಿಯಿರುವುದು ಒಂದು ಬದಿಯಲ್ಲಿ. ಆದುದರಿಂದ ಕಡಿಯುವುದೂ ಒಂದೇ ಬದಿಯನ್ನು. ವರ್ಷ ವರ್ಷವೂ ಹೀಗೆ ಮಾಡಿದರೆ ಮರದ ಭಾರವೆಲ್ಲ ಇನ್ನೊಂದು ಕಡೆಗೆ, ಸಾಮಾನ್ಯವಾಗಿ ರಸ್ತೆಯ ಕಡೆಗೆ, ವಾಲುತ್ತದೆ. ಇನ್ನು ಕೆಲವು ಕಡೆ ತಲೆಯನ್ನೇ ಹಾರಿಸಿ ಮೊಂಡು ಮಾಡುತ್ತಾರೆ. ಮೊಂಡಿನ ತುದಿಯಿಂದ ಹತ್ತಾರು ಚಿಗುರುಗಳು ಒತ್ತೊತ್ತಾಗಿ ಏಳುತ್ತವೆ. ನೋಡುವವರಿಗೆ ಮರ ಚೇತರಿಸಿಕೊಂಡಿತೆಂಬ ಸಮಾಧಾನ. ಆ ಚಿಗುರುಗಳ ಹಿಡಿತ ಮೇಲುಮೇಲಿನದು, ಅಡಿಯಲ್ಲಿ ಮೊಂಡು ಕೊಳೆಯುತ್ತಿರುತ್ತದೆ. ಅವು ದಪ್ಪ ಕೊಂಬೆಗಳಾಗುವ ಹೊತ್ತಿಗೆ ಬೀಳುವುದಕ್ಕೂ ಸಿದ್ಧವಾಗಿರುತ್ತವೆ. ಸರಿಯಾದ ಕ್ರಮ ಕಷ್ಟದ್ದೇನೂ ಅಲ್ಲ. ದೊಡ್ಡ ಕೊಂಬೆಯನ್ನು ತೆಗೆಯುವಾಗ ಮೊದಲು ಕಾಂಡದಿಂದ ಸ್ವಲ್ಪ ದೂರದಲ್ಲಿ ಅಡಿಯಿಂದ ಅರೆಗರಗಸ ಹಾಕಬೇಕು, ಆಮೇಲೆ ಅದಕ್ಕೂ ಆಚೆ ಮೇಲಿನಿಂದ ಕೊಯ್ದು ಭಾರವನ್ನು ಇಳಿಸಬೇಕು. ಕೊನೆಗೆ ಉಳಿದ ತುಂಡನ್ನು ಕಾಂಡ ಕೂಡುವಲ್ಲಿರುವ ಉಬ್ಬಿದ ಕೊರಳಿಗೆ ಗಾಯವಾಗದಂತೆ ಕತ್ತರಿಸಬೇಕು. ಆ ಕೊರಳಿನಲ್ಲಿಯೇ ಗಾಯ ಮುಚ್ಚುವ ಶಕ್ತಿಯಿರುವುದು. ಮಚ್ಚು ಹಿಡಿದು ಮರವೇರಿದ ದಿನಗೂಲಿಯವನಿಗೆ ಇದನ್ನು ಯಾರೂ ಕಲಿಸಿಲ್ಲ. ತಪ್ಪು ಅವನದಲ್ಲ.

ಅರಳಿಕಟ್ಟೆಗಳೂ ಈಗ ಕಷ್ಟಕ್ಕೆ ಸಿಕ್ಕಿವೆ. ಹಿರಿಯರು ಕಟ್ಟಿದ ಕಟ್ಟೆಯಲ್ಲಿ ಸುತ್ತ ಕಲ್ಲಿದ್ದರೂ ಮೇಲೆ ಮಣ್ಣು ತೆರೆದಿರುತ್ತಿತ್ತು. ಪ್ರದಕ್ಷಿಣೆ ಬರುವವರು ಎರೆದ ನೀರು ನೇರವಾಗಿ ಬೇರಿಗೆ ಸಲ್ಲುತ್ತಿತ್ತು. ಈಗಿನ ಜೀರ್ಣೋದ್ಧಾರವೆಂದರೆ ಮೇಲೆಲ್ಲ ನುಣುಪಾದ ಗ್ರಾನೈಟು, ಕಾಂಡಕ್ಕೆ ಮೊಳೆ ಹೊಡೆದು ಬಿಗಿದ ದೀಪದ ಸರ. ಭಕ್ತಿಗೆ ಕೊರತೆಯಿಲ್ಲ, ನೀರಿಗೆ ಮಾತ್ರ ದಾರಿಯಿಲ್ಲ. ದೆಹಲಿಯ ಮರಗಳ ಇಂಥದೇ ಸ್ಥಿತಿಯನ್ನು ಕಂಡು ರಾಷ್ಟ್ರೀಯ ಹಸುರು ನ್ಯಾಯಮಂಡಳಿಯು ೨೦೧೩ರ ಏಪ್ರಿಲಿನಲ್ಲಿ, ಮರದ ಸುತ್ತ ಒಂದು ಮೀಟರಿನೊಳಗಿನ ಕಾಂಕ್ರೀಟನ್ನು ತೆಗೆಯಬೇಕೆಂದೂ ಮರಗಳಿಗೆ ಬಡಿದ ಫಲಕ, ತಂತಿಗಳನ್ನು ಕೀಳಬೇಕೆಂದೂ ಆಜ್ಞೆ ಮಾಡಿತು. ದೊಡ್ಡ ಮರಕ್ಕೆ ಒಂದು ಮೀಟರು ಎಂಬುದು ಬಾಯಾರಿದವನಿಗೆ ಒಂದು ಗುಟುಕು. ಆದರೂ ಗುಟುಕು ಗುಟುಕೇ.

ಕಾನೂನು ನಮ್ಮಲ್ಲಿಯೂ ಇದೆ. ೧೯೭೬ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ನಗರದಲ್ಲಿ ಮರ ಕಡಿಯಬೇಕಾದರೆ ವೃಕ್ಷಾಧಿಕಾರಿಯ ಅಪ್ಪಣೆ ಬೇಕು. ಮರಗಳ ಗಣತಿ ಮಾಡಿಸುವುದೂ ಆ ಕಾಯ್ದೆ ವಿಧಿಸಿದ ಕರ್ತವ್ಯಗಳಲ್ಲಿ ಒಂದು. ಕಾನೂನಿಗಿಂತ ಜನರ ಕೂಗೇ ಹೆಚ್ಚು ಮರಗಳನ್ನು ಉಳಿಸಿದೆಯೋ ಏನೋ. ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗೆ ೬.೭ ಕಿಲೋಮೀಟರಿನ ಉಕ್ಕಿನ ಮೇಲುಸೇತುವೆಗಾಗಿ ೮೦೦ಕ್ಕೂ ಹೆಚ್ಚು ಮರಗಳು ಉರುಳಬೇಕಾಗಿದ್ದಾಗ, ೨೦೧೬ರ ಅಕ್ಟೋಬರಿನಲ್ಲಿ ಸಾವಿರಾರು ನಾಗರಿಕರು ಕೈಕೈ ಹಿಡಿದು ರಸ್ತೆಯ ಬದಿಯಲ್ಲಿ ನಿಂತರು. ೨೦೧೭ರ ಮಾರ್ಚಿಯಲ್ಲಿ ಸರ್ಕಾರ ಆ ಯೋಜನೆಯನ್ನು ಕೈಬಿಟ್ಟಿತು. ಎಲ್ಲ ಕಡೆಯೂ ಹೀಗಾಗಲಿಲ್ಲ. ಮೆಟ್ರೋ ರೈಲಿಗಾಗಿ ಮಹಾತ್ಮಾ ಗಾಂಧಿ ರಸ್ತೆಯ ನೆರಳಿನ ಸಾಲು ಹೋಯಿತು. ೨೦೦೯ರಲ್ಲಿ ಜಯನಗರದ ಲಕ್ಷ್ಮಣರಾವ್ ಉದ್ಯಾನದ ಮರಗಳಿಗಾಗಿ ಜನ ಹೋರಾಡಿದರೂ ಕೊಡಲಿ ನಿಲ್ಲಲಿಲ್ಲ.

ಮರ ಕಡಿಯಬಾರದೆಂದು ಬೀದಿಗಿಳಿಯುವವರಿಗೂ ಒಂದು ಮಾತು ಸಲ್ಲುತ್ತದೆ. ಕೊಡಲಿ ಬಂದ ದಿನ ನೆರೆಯುವ ಜನ, ಚರಂಡಿ ತೋಡುವ ದಿನ ನೆರೆಯುವುದಿಲ್ಲ. ಮರಕ್ಕೆ ನಿಜವಾದ ಸಾವು ಅಂದೇ ಬಂದಿರುತ್ತದೆ. ಇನ್ನೊಂದು ಅಪ್ರಿಯ ಸತ್ಯವೂ ಉಂಟು: ಕೆಲವು ಮರಗಳನ್ನು ಕಡಿಯಲೇಬೇಕು. ಬುಡ ಕೊಳೆತು, ನೆಲ ಬಿರುಕು ಬಿಟ್ಟು, ಕೆಳಗೆ ಶಾಲೆಯ ಮಕ್ಕಳು ಓಡಾಡುವ ಕಡೆ ನಿಂತ ಮರವನ್ನು ಪ್ರೀತಿಯ ಹೆಸರಿನಲ್ಲಿ ಉಳಿಸುವುದು ಪ್ರೀತಿಯಲ್ಲ. ಕಡಿಯುವುದಕ್ಕೂ ಸುಮ್ಮನಿರುವುದಕ್ಕೂ ನಡುವೆ ಮಾಡಬಹುದಾದ ಕೆಲಸಗಳೇ ಹೆಚ್ಚು. ಸತ್ತ ಕೊಂಬೆಯನ್ನಷ್ಟೇ ತೆಗೆಯಬಹುದು. ತಲೆಯ ಭಾರವನ್ನು ನಾಲ್ಕೂ ಕಡೆಯಿಂದ ಸಮನಾಗಿ ಇಳಿಸಬಹುದು. ಊರೆಗೋಲು ಕೊಡಬಹುದು. ಗಟ್ಟಿಯಾದ ಮಣ್ಣನ್ನು ಸಡಿಲಿಸಿ ಎಲೆಗೊಬ್ಬರ ಹಾಸಬಹುದು. ಯಾವುದೂ ಸಾಧ್ಯವಿಲ್ಲದಿದ್ದರೆ ಮರದ ಕೆಳಗಿನ ಕಲ್ಲುಬೆಂಚನ್ನೋ ಗಾಡಿ ನಿಲ್ಲಿಸುವ ಸ್ಥಳವನ್ನೋ ಹತ್ತು ಗಜ ಆಚೆಗೆ ಸರಿಸಬಹುದು. ಮರಕ್ಕೆ ಕಾಲಿಲ್ಲದಿದ್ದರೂ ಬೆಂಚಿಗೆ ಹೊರುವವರಿದ್ದಾರಲ್ಲ!

ಮುದಿಮರದ ಶುಶ್ರೂಷೆ ಎಷ್ಟು ದೂರ ಹೋಗಬಲ್ಲದೆಂಬುದಕ್ಕೆ ನೆರೆಯ ತೆಲಂಗಾಣದಲ್ಲಿ ಒಂದು ನಿದರ್ಶನವಿದೆ. ಮಹಬೂಬನಗರದ ಬಳಿಯ ಪಿಲ್ಲಲಮರ್ರಿ ಎಂಬ ಹೆಸರಾಂತ ಆಲಕ್ಕೆ ಗೆದ್ದಲು ಹಿಡಿದು ಕೊಂಬೆಗಳು ಬೀಳತೊಡಗಿದಾಗ, ೨೦೧೮ರಲ್ಲಿ ಅರಣ್ಯ ಇಲಾಖೆಯವರು ಆಸ್ಪತ್ರೆಯ ಸಲೈನ್ ಬಾಟಲಿಗಳಂತೆ ನೂರಾರು ಬಾಟಲಿಗಳನ್ನು ಮರಕ್ಕೆ ನೇತುಹಾಕಿ, ತೆಳುಮಾಡಿದ ಕೀಟನಾಶಕವನ್ನು ಹನಿಹನಿಯಾಗಿ ಒಳಕ್ಕೆ ಬಿಟ್ಟರು. ಕಲ್ಕತ್ತೆಗೆ ಎದುರಿನ ಹೌರಾದ ಸಸ್ಯೋದ್ಯಾನದ ಮಹಾ ಆಲ ೧೮೬೪ ಮತ್ತು ೧೮೬೭ರ ಚಂಡಮಾರುತಗಳಲ್ಲಿ ಜಖಂಗೊಂಡಿತು; ಶಿಲೀಂಧ್ರ ಹಿಡಿದು ಅದರ ಮೂಲಕಾಂಡ ಕೊಳೆಯಿತು; ೧೯೨೫ರಲ್ಲಿ ಆ ಕಾಂಡವನ್ನೇ ಕಿತ್ತುಹಾಕಿದರು. ಮರ ಇಂದಿಗೂ ಸಾವಿರಾರು ಬಿಳಲುಗಳ ಮೇಲೆ ನಿಂತು ಹಬ್ಬುತ್ತಲೇ ಇದೆ. ಮದರಾಸಿನ ಅಡ್ಯಾರಿನ ಆಲವೂ ೧೯೮೯ರ ಬಿರುಗಾಳಿಯಲ್ಲಿ ಮೂಲಕಾಂಡವನ್ನು ಕಳೆದುಕೊಂಡಿತು, ಉಳಿಯಿತು.

ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಬೆಂಗಳೂರಿನಿಂದ ಮೈಸೂರು ರಸ್ತೆ ಹಿಡಿದು, ರಾಮೋಹಳ್ಳಿಯ ಕಡೆಗೆ ತಿರುಗಿ, ಒಟ್ಟು ೨೮ ಕಿಲೋಮೀಟರಿನಷ್ಟು ಸಾಗಿದರೆ ಕೇತೋಹಳ್ಳಿಯ ದೊಡ್ಡ ಆಲದ ಮರ ಸಿಕ್ಕುತ್ತದೆ. ನಾನೂರು ವರ್ಷದ್ದೆಂದು ಪ್ರತೀತಿ; ಮೂರು ಎಕರೆಯಷ್ಟು ನೆಲವನ್ನು ಅದು ಆವರಿಸಿದೆ. ಭಾನುವಾರ ಅಲ್ಲಿ ಜಾತ್ರೆಯೇ ನೆರೆಯುತ್ತದೆ. ಮಾವಿನಕಾಯಿಗೆ ಉಪ್ಪುಖಾರ ಹಚ್ಚಿ ಕೊಡುವವರು, ಬುತ್ತಿ ಬಿಚ್ಚಿದ ಸಂಸಾರಗಳು, ಬುತ್ತಿಯ ಮೇಲೆಯೇ ಕಣ್ಣಿಟ್ಟ ಕೋತಿಗಳು. ಬಿಳಲುಗಳ ನಡುವೆ ಮುನೇಶ್ವರನ ಗುಡಿ. ನಗರದ ಮಕ್ಕಳು ಕಂಬದಿಂದ ಕಂಬಕ್ಕೆ ಓಡುತ್ತ ಕಣ್ಣಾಮುಚ್ಚಾಲೆ ಆಡುತ್ತಾರೆ. ಅವರಲ್ಲಿ ಒಬ್ಬನಾದರೂ, ‘ಇದರಲ್ಲಿ ಮೊದಲಿನ ಮರ ಯಾವುದು?’ ಎಂದು ಕೇಳದೆ ಇರುವುದಿಲ್ಲ.

ಆ ಪ್ರಶ್ನೆಗೆ ತೋರಿಸಲು ಈಗ ಅಲ್ಲಿ ಏನೂ ಇಲ್ಲ. ಮೂಲಕಾಂಡ ರೋಗಕ್ಕೆ ತುತ್ತಾಗಿ ೨೦೦೦ದ ಸುಮಾರಿಗೆ ಹೋಯಿತು. ಅದಕ್ಕೆ ಮುಂಚೆಯೇ ಅದರ ಬಿಳಲುಗಳು ಒಂದೊಂದಾಗಿ ನೆಲ ಮುಟ್ಟಿ, ಬೇರು ಬಿಟ್ಟು, ಕಾಂಡಗಳಾಗಿದ್ದವು. ಹೊಸ ಬಿಳಲು ನೆಲ ಮುಟ್ಟಬೇಕಾದರೆ ಕೆಳಗೆ ತೆರೆದ ಮಣ್ಣು ಬೇಕು. ನಡೆದಾಡುವವರ ಕೈ ಅದರ ಎಳೆಯ ತುದಿಯನ್ನು ಚಿವುಟದೆ ಇರಬೇಕು. ಕೇತೋಹಳ್ಳಿಯಲ್ಲಿ ಮಣ್ಣು ಇನ್ನ���ೂ ಇದೆ. ಮಳೆ ಬಿದ್ದ ಮರುದಿನ ಹೋದರೆ, ಮೇಲಿನ ಕೊಂಬೆಗಳಿಂದ ಇಳಿದ ಬಿಳಲುಗಳ ತುದಿಯಲ್ಲಿ ಹಳದಿ ಬಿಳುಪಿನ ಹೊಸ ಬೇರು ಹೊರಟಿರುವುದು ಕಾಣುತ್ತದೆ. ಕೆಲವು ಇನ್ನೂ ಎರಡಾಳು ಎತ್ತರದಲ್ಲಿ ತೂಗಾಡುತ್ತಿವೆ; ಕೆಲವು ಮಕ್ಕಳ ತಲೆಗೆ ತಾಗುವಷ್ಟು ಕೆಳಕ್ಕೆ ಬಂದಿವೆ.